ವೀರ್ಯನಾಳಗಳ ಜನ್ಮಜಾತ ಅಭಾವ: ಸಿಸ್ಟಿಕ್ ಫೈಬ್ರೋಸಿಸ್ ವಂಶವಾಹಿ ದೋಷ ಮತ್ತು ಪುರುಷ ಬಂಜೆತನ

ಮಕ್ಕಳಾಗದ ದಂಪತಿಗಳಲ್ಲಿ ಮಹಿಳೆಯನ್ನೇ ವರ್ಷಗಟ್ಟಲೆ ತಪಾಸಣೆಗೆ ಒಳಪಡಿಸುವ ವಾಡಿಕೆ ಇನ್ನೂ ಉಳಿದಿದೆ. ಪತಿಯ ವೀರ್ಯ ಪರೀಕ್ಷೆಯು ಸುಲಭವಾದುದಾಗಿದ್ದು, ಅದನ್ನು ಆರಂಭದಲ್ಲಿಯೇ ಮಾಡಿಸತಕ್ಕದ್ದು. ವೀರ್ಯದಲ್ಲಿ ವೀರ್ಯಾಣುಗಳೇ ಕಂಡುಬರದಿದ್ದಲ್ಲಿ, ಅದಕ್ಕೆ ಇರಬಹುದಾದ ಕಾರಣಗಳ ಪೈಕಿ ಒಂದನ್ನು ಇಲ್ಲಿ ವಿವರಿಸಲಾಗಿದೆ.

ದೋಷದ ಸ್ವರೂಪ

ಸಿ.ಎಫ್.ಟಿ.ಆರ್. ಎಂಬ ವಂಶವಾಹಿಯು 7ನೇ ವರ್ಣತಂತುವಿನಲ್ಲಿದ್ದು, ಇದನ್ನು 1989ರಲ್ಲಿ ಗುರುತಿಸಲಾಯಿತು. ಜೀವಕೋಶಗಳ ಹೊರಪದರದ ಮೂಲಕ ಲವಣ ಮತ್ತು ನೀರಿನ ಸಂಚಾರವನ್ನು ಇದು ನಿಯಂತ್ರಿಸುತ್ತದೆ. ತಂದೆ ತಾಯಿ ಇಬ್ಬರಿಂದಲೂ ತೀವ್ರ ದೋಷವುಳ್ಳ ಪ್ರತಿ ಬಂದಲ್ಲಿ ಮಗುವಿಗೆ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆ ಉಂಟಾಗಿ, ಶ್ವಾಸಕೋಶ ಹಾಗೂ ಮೇದೋಜೀರಕ ಗ್ರಂಥಿಗಳಲ್ಲಿ ಅಂಟು ಲೋಳೆ ಕಟ್ಟಿಕೊಳ್ಳುತ್ತದೆ. ಈ ಕಾಯಿಲೆಯುಳ್ಳ ಪುರುಷರಲ್ಲಿ ಶೇ. 95ಕ್ಕೂ ಹೆಚ್ಚು ಮಂದಿಗೆ ಸಹಜವಾಗಿ ಸಂತಾನವಾಗುವುದಿಲ್ಲ. ಒಂದು ತೀವ್ರ ಹಾಗೂ ಒಂದು ಸೌಮ್ಯ ದೋಷವಿರುವ ಪುರುಷನು ಇತರ ಎಲ್ಲ ರೀತಿಯಲ್ಲಿ ಆರೋಗ್ಯವಂತನಾಗಿದ್ದು, ವಿವಾಹಾನಂತರವಷ್ಟೇ ವಿಷಯ ತಿಳಿದುಬರುವುದುಂಟು.

ವೃಷಣಗಳಲ್ಲಿ ವೀರ್ಯಾಣುಗಳ ಉತ್ಪತ್ತಿ ಸಾಮಾನ್ಯವಾಗಿ ನಡೆದೇ ಇರುತ್ತದೆ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು. ಪುರುಷರ ಸಂತಾನ ನಿಯಂತ್ರಣ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸುವ ನಾಳವೇ ಇವರಲ್ಲಿ ಹುಟ್ಟಿನಿಂದ ಎರಡೂ ಕಡೆ ಇರುವುದಿಲ್ಲ. ಆದ್ದರಿಂದ ವೀರ್ಯಾಣುಗಳು ಹೊರಬರಲಾರವು. ಪುರುಷತ್ವಕ್ಕಾಗಲೀ ದಾಂಪತ್ಯ ಜೀವನಕ್ಕಾಗಲೀ ಇದರಿಂದ ಯಾವ ಕುಂದೂ ಇಲ್ಲ. ಇಲ್ಲದ ನಾಳವನ್ನು ಯಾವ ಔಷಧಿಯೂ ಬೆಳೆಸಲಾರದು. ಜಾಹೀರಾತಿನ ಶಕ್ತಿವರ್ಧಕಗಳಿಗೆ ವ್ಯಯಿಸಿದ ಹಣ ವ್ಯರ್ಥವೇ ಸರಿ.

ಪತ್ತೆ ಹಚ್ಚುವ ವಿಧಾನ

ನುರಿತ ವೈದ್ಯರು ಕೈಯಿಂದ ಮುಟ್ಟಿ ಪರೀಕ್ಷಿಸಿಯೇ ನಾಳದ ಅಭಾವವನ್ನು ತಿಳಿಯಬಲ್ಲರು. ವೀರ್ಯದ ಪ್ರಮಾಣ ಕಡಿಮೆಯಿದ್ದು, ಅದು ಆಮ್ಲೀಯವಾಗಿರುತ್ತದೆ. ಕೆಲವರಲ್ಲಿ ಒಂದು ಮೂತ್ರಪಿಂಡವೂ ಇಲ್ಲದಿರಬಹುದಾದ್ದರಿಂದ ಹೊಟ್ಟೆಯ ಸ್ಕ್ಯಾನಿಂಗ್ ಅವಶ್ಯ. ಪಾಶ್ಚಾತ್ಯರಲ್ಲಿ ಸಾಮಾನ್ಯವಾದ ಎಫ್508ಡೆಲ್ ದೋಷವು ಭಾರತೀಯರಲ್ಲಿ ಅಷ್ಟಾಗಿ ಕಂಡುಬರುವುದಿಲ್ಲ. ಆದುದರಿಂದ ಆಯ್ದ ಕೆಲವು ದೋಷಗಳನ್ನು ಮಾತ್ರ ಹುಡುಕುವ ಪರೀಕ್ಷೆಯಲ್ಲಿ 'ದೋಷವಿಲ್ಲ' ಎಂದು ಬಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ.

ಚಿಕಿತ್ಸೆ

ಸೂಜಿಯ ಮೂಲಕ ವೀರ್ಯಾಣುಗಳನ್ನು ಹೊರತೆಗೆದು, ಒಂದೊಂದು ಅಂಡಾಣುವಿಗೆ ಒಂದೊಂದರಂತೆ ಸೇರಿಸುವ ಇಕ್ಸಿ ವಿಧಾನವು 1992ರಿಂದ ಬಳಕೆಗೆ ಬಂದಿದೆ. ಇದಕ್ಕೆ ಮುಂಚಿತವಾಗಿ ಪತ್ನಿಗೂ ವಂಶವಾಹಿ ಪರೀಕ್ಷೆ ಮಾಡಿಸತಕ್ಕದ್ದು. ಪತಿಯ ಎರಡೂ ಪ್ರತಿಗಳಲ್ಲಿ ದೋಷವಿದ್ದು, ಪತ್ನಿಯ ಒಂದು ಪ್ರತಿಯಲ್ಲಿಯೂ ದೋಷವಿದ್ದಲ್ಲಿ, ಮಗುವಿಗೆ ಎರಡೂ ದೋಷಯುಕ್ತ ಪ್ರತಿಗಳು ಬರುವ ಸಾಧ್ಯತೆ ಎರಡರಲ್ಲಿ ಒಂದು. ಸೋದರಮಾವ ಅಥವಾ ಸೋದರತ್ತೆಯ ಮಗನೊಂದಿಗೆ ವಿವಾಹವಾಗಿದ್ದಲ್ಲಿ ಇಬ್ಬರಲ್ಲಿಯೂ ಒಂದೇ ದೋಷವಿರುವ ಸಂಭವ ಹೆಚ್ಚು. ಈ ಸಂಬಂಧವನ್ನು ವೈದ್ಯರಿಂದ ಮರೆಮಾಚಬಾರದು.

ಸೇವೆ ಪಡೆಯಲಿಚ್ಛಿಸುವವರಿಗೆ

ನಿಟ್ಟುವಳ್ಳಿ ಹಾಗೂ ದಾವಣಗೆರೆ ನಗರದ ನಿವಾಸಿಗಳು ತಮ್ಮ ವ್ಯಾಪ್ತಿಯ ಆರೋಗ್ಯ ಕೇಂದ್ರದ ಮೂಲಕ ಚಿಗಟೇರಿ ಜಿಲ್ಲಾ ಆಸ್ಪತ್ರೆಯನ್ನೂ, ಹರಿಹರದವರು ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯನ್ನೂ ಮೊದಲಿಗೆ ಸಂಪರ್ಕಿಸಬಹುದಾಗಿದೆ. ವಂಶವಾಹಿ ಕುರಿತ ಆಪ್ತಸಲಹೆಯು ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರದಲ್ಲಿ ಲಭ್ಯವಿದೆ. ಇಕ್ಸಿ ಚಿಕಿತ್ಸೆಯನ್ನು 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಅಧಿನಿಯಮದಡಿ ನೋಂದಾಯಿತವಾದ ಕ್ಲಿನಿಕ್‌ನಲ್ಲಿ ಮಾತ್ರ ಪಡೆಯತಕ್ಕದ್ದು. ಮಹಿಳೆಯ ವಯಸ್ಸು 21ಕ್ಕಿಂತ ಮೇಲ್ಪಟ್ಟು 50ಕ್ಕಿಂತ ಕಡಿಮೆ, ಪುರುಷನ ವಯಸ್ಸು 21ಕ್ಕಿಂತ ಮೇಲ್ಪಟ್ಟು 55ಕ್ಕಿಂತ ಕಡಿಮೆ ಇರಬೇಕು. ಹಿಂದಿನ ಎಲ್ಲ ವೀರ್ಯ ಪರೀಕ್ಷಾ ವರದಿಗಳನ್ನು ತಪ್ಪದೇ ಜೊತೆಯಲ್ಲಿ ತರುವುದು.