ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಮುಚ್ಚಿದ ಪಾಠಶಾಲೆಗಳು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವಿದ್ಯಾಭ್ಯಾಸದ ವಿಷಯವಾಗಿ ನಡೆಯುತ್ತಿರುವ ವಾದಗಳಲ್ಲಿ ‘ವೋಚರು’ ಪದ್ಧತಿಯ ವಾದವು ಮುಖ್ಯವಾದುದು. ಸಾರ್ವಜನಿಕ ಬೊಕ್ಕಸದ ಹಣದಲ್ಲಿ ಒಂದು ಪಾಲನ್ನು ಮಗುವಿನ ಲೆಕ್ಕದಲ್ಲಿ ತಂದೆತಾಯಿಗಳಿಗೆ ಕೊಡಬೇಕು, ಅವರು ಅದನ್ನು ತಮಗೆ ಒಪ್ಪಿದ ಖಾಸಗಿ ಶಾಲೆಯ ಶುಲ್ಕಕ್ಕೆ ಬಳಸಿಕೊಳ್ಳಬಹುದು ಎಂಬುದೇ ಇದರ ತಿರುಳು. ಕೇಳುವುದಕ್ಕೆ ಇದು ನ್ಯಾಯವಾಗಿಯೇ ತೋರುವುದು. ಹಣವು ಪ್ರಜೆಗಳದು, ಮಗುವು ತಂದೆತಾಯಿಗಳದು. ಶಾಲೆಯನ್ನು ಆರಿಸುವ ಅಧಿಕಾರವೂ ಅವರದೇ ಏಕಾಗಬಾರದು? ಈ ಪ್ರಶ್ನೆಗೆ ತರ್ಕದಿಂದ ಉತ್ತರ ಹೇಳುವ ಮೊದಲು ಚರಿತ್ರೆಯನ್ನು ವಿಚಾರಿಸುವುದು ಲೇಸು. ಈ ಪದ್ಧತಿಯನ್ನು ಬಹುಮಟ್ಟಿಗೆ ಹೋಲುವ ಏರ್ಪಾಡೊಂದು ವರ್ಜೀನಿಯ ಸಂಸ್ಥಾನದಲ್ಲಿ ಹಿಂದೊಮ್ಮೆ ಆಚರಣೆಗೆ ಬಂದಿತ್ತು.

ಪ್ರಿನ್ಸ್ ಎಡ್ವರ್ಡ್ ಎಂಬುದು ಆ ಸಂಸ್ಥಾನದ ಒಂದು ಕೌಂಟಿ. ನಮ್ಮ ತಾಲ್ಲೂಕಿನಂತಹ ಆಡಳಿತ ವಿಭಾಗ. ಫಾರ್ಮ್‌ವಿಲ್ ಅದರ ಮುಖ್ಯ ಪಟ್ಟಣ. ಅಲ್ಲಿ ಬಿಳಿಯರ ಮಕ್ಕಳಿಗೂ ಕಪ್ಪು ವರ್ಣದವರ ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿದ್ದವು. ಕಪ್ಪು ವರ್ಣದವರ ಮೋಟನ್ ಪ್ರೌಢಶಾಲೆಯು ೧೯೩೯ರಲ್ಲಿ ೧೮೦ ವಿದ್ಯಾರ್ಥಿಗಳಿಗಾಗಿ ಕಟ್ಟಿದ್ದು. ೧೯೫೧ರ ಹೊತ್ತಿಗೆ ಅಲ್ಲಿ ಸುಮಾರು ೪೫೦ ಮಂದಿ ಓದುತ್ತಿದ್ದರು. ಸ್ಥಳ ಸಾಲದೆ ಡಾಮರು ಕಾಗದವನ್ನು ಹೊದಿಸಿದ ಗುಡಿಸಲುಗಳಲ್ಲಿ ಪಾಠ ನಡೆಯುತ್ತಿತ್ತು. ಆ ವರ್ಷದ ಏಪ್ರಿಲ್ ೨೩ರಂದು ಬಾರ್ಬರಾ ಜಾನ್ಸ್ ಎಂಬ ಹದಿನಾರು ವರ್ಷದ ಬಾಲಿಕೆಯ ಮುಂದಾಳುತನದಲ್ಲಿ ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಹೊರಬಂದರು. ಅವರು ಮೊದಲು ಕೇಳಿದ್ದು ಒಂದು ಒಳ್ಳೆಯ ಕಟ್ಟಡವನ್ನು ಮಾತ್ರ. ಬಳಿಕ ವಕೀಲರ ಸಲಹೆಯಂತೆ ೧೧೭ ವಿದ್ಯಾರ್ಥಿಗಳ ಪರವಾಗಿ ವರ್ಣಭೇದದ ಶಾಲಾಪದ್ಧತಿಯ ವಿರುದ್ಧವೇ ದಾವೆ ಹೂಡಲಾಯಿತು. ೧೯೫೪ರ ಮೇ ೧೭ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಆ ಪದ್ಧತಿಯನ್ನು ತೆಗೆದುಹಾಕಿದ ಪ್ರಸಿದ್ಧ ‘ಬ್ರೌನ್’ ತೀರ್ಪಿನಲ್ಲಿ ಸೇರಿದ್ದ ಐದು ಮೊಕದ್ದಮೆಗಳಲ್ಲಿ ಇದೂ ಒಂದು.

ತೀರ್ಪು ಬಂದಿತು, ಆದರೆ ವರ್ಜೀನಿಯದ ಆಳುವವರ ಮನಸ್ಸು ಬದಲಾಗಲಿಲ್ಲ. ನ್ಯಾಯಾಲಯದ ಆಜ್ಞೆಯು ಸಾರ್ವಜನಿಕ ಶಾಲೆಗೆ ಅನ್ವಯಿಸುವುದಾದರೆ, ಮಕ್ಕಳನ್ನೂ ಹಣವನ್ನೂ ಖಾಸಗಿ ಶಾಲೆಗೆ ಸಾಗಿಸಿಬಿಟ್ಟರಾಯಿತೆಂದು ಅವರು ಯೋಚಿಸಿದರು. ಇದಕ್ಕೆ ಅಡ್ಡಿಯಾಗಿದ್ದದ್ದು ಅವರದೇ ರಾಜ್ಯಾಂಗ. ಸಾರ್ವಜನಿಕ ಧನವನ್ನು ಖಾಸಗಿ ಶಾಲೆಗಳಿಗೆ ಕೊಡಕೂಡದೆಂದು ಅದರ ೧೪೧ನೆಯ ವಿಧಿಯು ಹೇಳುತ್ತಿತ್ತು. ಯುದ್ಧದಲ್ಲಿ ಮಡಿದ ಯೋಧರ ಮಕ್ಕಳಿಗೆ ಖಾಸಗಿ ಶಾಲೆಯ ಶುಲ್ಕವನ್ನು ಕೊಡುವುದು ಕೂಡ ಈ ವಿಧಿಗೆ ವಿರುದ್ಧವೆಂದು ಸಂಸ್ಥಾನದ ಉನ್ನತ ನ್ಯಾಯಾಲಯವು ೧೯೫೫ರಲ್ಲಿ ತೀರ್ಮಾನಿಸಿತು. ೧೯೫೬ರ ಜನವರಿಯಲ್ಲಿ ಜನರ ಮತವನ್ನು ಪಡೆದು ಆ ವಿಧಿಯನ್ನೇ ತಿದ್ದಿದರು. ೧೯೫೮ರಲ್ಲಿ ನಾರ್‌ಫೋಕ್ ಮೊದಲಾದ ಕಡೆಗಳಲ್ಲಿ ಶಾಲೆಗಳನ್ನು ಮುಚ್ಚಿ ಸುಮಾರು ೧೩,೦೦೦ ಮಕ್ಕಳನ್ನು ಹೊರಗಿಟ್ಟರು. ೧೯೫೯ರ ಜನವರಿ ೧೯ರಂದು ಸಂಸ್ಥಾನದ ನ್ಯಾಯಾಲಯವೂ ಫೆಡರಲ್ ನ್ಯಾಯಾಲಯವೂ ಒಂದೇ ದಿನ ಈ ಮುಚ್ಚುವಿಕೆಯನ್ನು ರದ್ದುಗೊಳಿಸಿದವು.

ಪ್ರಿನ್ಸ್ ಎಡ್ವರ್ಡಿನ ಆಡಳಿತ ಮಂಡಲಿಯು ಇನ್ನೊಂದು ದಾರಿಯನ್ನು ಹಿಡಿಯಿತು. ೧೯೫೯ರಲ್ಲಿ ಅದು ಶಾಲೆಗಳಿಗಾಗಿ ತೆರಿಗೆಯನ್ನು ಹಾಕುವುದನ್ನೇ ನಿಲ್ಲಿಸಿತು. ಕೌಂಟಿಯ ಎಲ್ಲ ಸಾರ್ವಜನಿಕ ಶಾಲೆಗಳೂ ಮುಚ್ಚಿದವು. ಬಿಳಿಯರ ಮಕ್ಕಳಿಗಾಗಿ ಖಾಸಗಿ ಸಂಸ್ಥೆಯೊಂದು ಕೂಡಲೇ ಶಾಲೆಗಳನ್ನು ತೆರೆಯಿತು. ಮೊದಲ ವರ್ಷ ಅದು ಚಂದಾ ಹಣದಿಂದ ನಡೆಯಿತು. ೧೯೬೦ರಲ್ಲಿ ಸಂಸ್ಥಾನವು ಮಗುವೊಂದಕ್ಕೆ ೧೨೫ ಅಥವಾ ೧೫೦ ಡಾಲರಿನ ಶುಲ್ಕಧನವನ್ನು ಏರ್ಪಡಿಸಿತು. ಕೌಂಟಿಯು ಅದರ ಮೇಲೆ ೧೦೦ ಡಾಲರು ಸೇರಿಸಿತು. ವಾಚಕರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಆ ಶಾಸನದಲ್ಲಿ ವರ್ಣದ ಹೆಸರೇ ಇರಲಿಲ್ಲ. ಅಕ್ಷರಶಃ ನೋಡಿದರೆ ಅದು ಎಲ್ಲ ಮಕ್ಕಳಿಗೂ ಸಮಾನವಾಗಿತ್ತು. ಆದರೆ ಕೌಂಟಿಯಲ್ಲಿದ್ದ ಖಾಸಗಿ ಶಾಲೆಯು ಬಿಳಿಯರ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುತ್ತಿತ್ತು. ಆರಿಸುವ ಅಧಿಕಾರವು ತಂದೆತಾಯಿಗಳಿಗೆ ದೊರೆಯಿತೆಂದು ಕಾಗದ ಹೇಳುತ್ತಿದ್ದಾಗ, ವಸ್ತುತಃ ಆ ಅಧಿಕಾರವಿದ್ದದ್ದು ಶಾಲೆಯ ಬಾಗಿಲಲ್ಲಿ ನಿಂತವರಿಗೆ.

ಸುಮಾರು ೧,೭೦೦ ಕಪ್ಪು ವರ್ಣದ ಮಕ್ಕಳಿಗೂ, ಬಡ ಬಿಳಿಯರ ಕೆಲವು ಮಕ್ಕಳಿಗೂ ಶಾಲೆ ಇಲ್ಲವಾಯಿತು. ಕೆಲವರನ್ನು ಹೊರ ಊರುಗಳ ಬಂಧುಗಳ ಮನೆಗೆ ಕಳುಹಿಸಿದರು. ಕೆಲವರು ಚರ್ಚುಗಳ ನೆಲಮಾಳಿಗೆಯಲ್ಲಿ ಅಷ್ಟಿಷ್ಟು ಕಲಿತರು. ಅನೇಕರು ಹೊಲಗೆಲಸಕ್ಕೆ ಹೋದರು. ಶಾಲೆಗಳು ಮುಚ್ಚಿರುವವರೆಗೆ ಶುಲ್ಕಧನವನ್ನು ಕೊಡಕೂಡದೆಂದು ೧೯೬೧ರಲ್ಲಿ ನ್ಯಾಯಾಲಯವು ತಡೆದರೂ ಶಾಲೆಗಳು ತೆರೆಯಲಿಲ್ಲ. ೧೯೬೩ರಲ್ಲಿ ಕೆನೆಡಿಯವರ ಸರಕಾರದ ಬೆಂಬಲದಿಂದ ಒಂದು ಉಚಿತ ಶಾಲೆಯು ತಾತ್ಕಾಲಿಕವಾಗಿ ಏರ್ಪಟ್ಟಿತು. ಕೊನೆಗೆ ೧೯೬೪ರ ಮೇ ೨೫ರಂದು ಸರ್ವೋಚ್ಚ ನ್ಯಾಯಾಲಯವು, ಸಾರ್ವಜನಿಕ ಶಾಲೆಗಳನ್ನು ಮುಚ್ಚಿ ಖಾಸಗಿ ಶಾಲೆಗಳಿಗೆ ಸಹಾಯಧನ ಕೊಡುವುದು ಸಮಾನರಕ್ಷಣೆಯ ಭಂಗವೆಂದೂ, ಬೇಕಾದರೆ ತೆರಿಗೆ ಹಾಕುವಂತೆ ಮಂಡಲಿಗೆ ಆಜ್ಞೆಮಾಡಬಹುದೆಂದೂ ವಿಧಿಸಿತು. ಐದು ವರ್ಷಗಳ ಬಳಿಕ ಶಾಲೆಗಳು ತೆರೆದವು.

ಇಂದಿನ ವೋಚರುಗಳ ಪಕ್ಷಪಾತಿಗಳೆಲ್ಲರೂ ಅಂದಿನ ವರ್ಜೀನಿಯದವರಂತೆ ದುರುದ್ದೇಶವುಳ್ಳವರೆಂದು ಹೇಳುವುದು ಅನ್ಯಾಯ. ೧೯೯೦ರಲ್ಲಿ ಮಿಲ್ವಾಕಿ ನಗರದಲ್ಲಿ ಆರಂಭವಾದ ಯೋಜನೆಗೆ ಮುಂದಾಳಾದವರು ಪಾಲಿ ವಿಲಿಯಮ್ಸ್ ಎಂಬ ಕಪ್ಪು ವರ್ಣದ ಶಾಸನಸಭಾ ಸದಸ್ಯೆ. ಬಡಮಕ್ಕಳಿಗೆ ಒಳ್ಳೆಯ ಶಾಲೆ ದೊರೆಯಲೆಂಬುದೇ ಆಕೆಯ ಆಶಯ. ಆದರೆ ಮುಂದೆ ಆ ಸಹಾಯವನ್ನು ಸ್ಥಿತಿವಂತರಿಗೂ ವಿಸ್ತರಿಸಹೊರಟಾಗ ಆಕೆಯೇ ಅದನ್ನು ವಿರೋಧಿಸಬೇಕಾಯಿತು. ಉದ್ದೇಶವು ಒಳ್ಳೆಯದಾದ ಮಾತ್ರಕ್ಕೆ ಪದ್ಧತಿಯ ಸ್ವಭಾವವು ಬದಲಾಗದು. ಅರಿಜೋನ ಸಂಸ್ಥಾನವು ೨೦೨೨ರಲ್ಲಿ ಎಲ್ಲ ಮಕ್ಕಳಿಗೂ ಇದನ್ನು ತೆರೆದಾಗ, ಮೊದಲು ಅರ್ಜಿಹಾಕಿದವರಲ್ಲಿ ಬಹುಪಾಲು ಮಕ್ಕಳು ಅದುವರೆಗೆ ಸಾರ್ವಜನಿಕ ಶಾಲೆಯಲ್ಲಿ ಓದುತ್ತಿದ್ದವರೇ ಅಲ್ಲ. ಲೂಯಿಸಿಯಾನದಲ್ಲಿ ಚೀಟಿಯೆತ್ತಿ ವೋಚರು ಪಡೆದ ಮಕ್ಕಳು ಪಡೆಯದವರಿಗಿಂತ ಗಣಿತದಲ್ಲಿ ಹಿಂದೆ ಬಿದ್ದರೆಂದು ಶೋಧಕರು ಕಂಡರು.

ವೆಚ್ಚದ ಲೆಕ್ಕವೂ ಇದೆ. ಮೂವತ್ತು ಮಕ್ಕಳ ತರಗತಿಯಿಂದ ಮೂವರು ಹೋದರೆ ಅವರ ಪಾಲಿನ ಹಣವು ಹೋಗುವುದು. ಆದರೆ ಉಪಾಧ್ಯಾಯರ ಸಂಬಳವಾಗಲಿ, ಕಟ್ಟಡದ ವೆಚ್ಚವಾಗಲಿ ಹತ್ತರಲ್ಲೊಂದು ಪಾಲು ಇಳಿಯುವುದಿಲ್ಲ. ಆ ಕೊರತೆಯನ್ನು ಹೊರುವವರು ಉಳಿದ ಇಪ್ಪತ್ತೇಳು ಮಂದಿ. ಖಾಸಗಿ ಶಾಲೆಯೇ ಇಲ್ಲದ ಹಳ್ಳಿಯವನಿಗೆ ವೋಚರು ಬರಿಯ ಕಾಗದ. ಇದನ್ನು ಮತದಾರರು ಅರಿಯದೆ ಇಲ್ಲ. ೨೦೦೭ರಲ್ಲಿ ಯೂಟ ಸಂಸ್ಥಾನದಲ್ಲಿ ನೂರಕ್ಕೆ ೬೨ ಮಂದಿ, ೨೦೧೮ರಲ್ಲಿ ಅರಿಜೋನದಲ್ಲಿ ನೂರಕ್ಕೆ ೬೫ ಮಂದಿ ಇಂತಹ ಶಾಸನಗಳನ್ನು ತಳ್ಳಿಹಾಕಿದರು. ೨೦೨೪ರಲ್ಲಿ ಕೆಂಟಕಿಯ ಜನರೂ ಹಾಗೆಯೇ ಮಾಡಿದರು. ಶಾಸನಸಭೆಗಳು ಮಾತ್ರ ಮುಂದುವರಿದಿವೆ. ಟೆಕ್ಸಾಸ್ ಸಂಸ್ಥಾನವು ೨೦೨೫ರಲ್ಲಿ ನೂರು ಕೋಟಿ ಡಾಲರಿನ ಯೋಜನೆಯನ್ನು ಅಂಗೀಕರಿಸಿತು.

ನಮಗೂ ಈ ಪ್ರಶ್ನೆಯು ಪೂರ್ತಿ ಹೊರಗಿನದಲ್ಲ. ೨೦೦೯ರ ಶಿಕ್ಷಣದ ಹಕ್ಕಿನ ಶಾಸನದಂತೆ ಖಾಸಗಿ ಶಾಲೆಯ ನೂರಕ್ಕೆ ೨೫ ಸ್ಥಾನಗಳಲ್ಲಿ ಬಡಮಕ್ಕಳು ಓದುವುದಕ್ಕೆ ಸರಕಾರವು ಹಣ ತುಂಬಿಕೊಡುವುದು. ಇದು ವೋಚರಲ್ಲ, ಇಲ್ಲಿ ಶಾಲೆಯು ಮಗುವನ್ನು ಸೋಸಿ ಆರಿಸುವಂತಿಲ್ಲ, ಹೆಚ್ಚಿನ ಶುಲ್ಕ ಕೇಳುವಂತಿಲ್ಲ. ಆದರೂ ೨೦೧೮ರ ಡಿಸೆಂಬರಿನಲ್ಲಿ ಕರ್ನಾಟಕ ಸರಕಾರವು ನಿಯಮವನ್ನು ತಿದ್ದಿ, ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಮಗುವಿಗೆ ಅಲ್ಲಿಯೇ ಸ್ಥಾನವೆಂದು ಗೊತ್ತುಮಾಡಿತು. ತನ್ನ ಶಾಲೆಯನ್ನು ಖಾಲಿಮಾಡಿ ಅನ್ಯರ ಶಾಲೆಯನ್ನು ತುಂಬುವುದು ಸರಕಾರದ ಧರ್ಮವೇ ಎಂಬ ವಿಚಾರವು ಅದರ ಹಿಂದಿತ್ತು.

ವರ್ಜೀನಿಯದ ಶಾಸನಸಭೆಯು ೨೦೦೩ರಲ್ಲಿ ಆ ಐದು ವರ್ಷಗಳಿಗಾಗಿ ವಿಷಾದವನ್ನು ಸೂಚಿಸಿ, ೨೦೦೪ರಲ್ಲಿ ಅಂದು ಶಾಲೆ ತಪ್ಪಿದವರಿಗೆ ವಿದ್ಯಾರ್ಥಿವೇತನವನ್ನು ಏರ್ಪಡಿಸಿತು. ಅಷ್ಟರಲ್ಲಿ ಆ ಮಕ್ಕಳಿಗೆ ಐವತ್ತು ವರ್ಷಗಳ ಪ್ರಾಯವಾಗಿತ್ತು. ಹಣವನ್ನು ಹಿಂದಕ್ಕೆ ಕೊಡಬಹುದು, ಓದುವ ವಯಸ್ಸನ್ನು ಕೊಡಲಾಗದು. ಆದುದರಿಂದ ಸಾರ್ವಜನಿಕ ಶಾಲೆಯ ದೋಷಗಳನ್ನು ಕಂಡವರು ಅದನ್ನು ತಿದ್ದುವ ಕಷ್ಟವನ್ನೇ ವಹಿಸಬೇಕು. ಬಂದ ಮಗುವನ್ನು ಯಾರ ಮಗುವೆಂದು ಕೇಳದೆ ಒಳಗೆ ಕರೆಯುವ ಹೊಣೆಯನ್ನು ಹೊತ್ತಿರುವ ಶಾಲೆ ಅದೊಂದೇ.