ದೃಷ್ಟಿನರದ ರೋಗ: ತಾಯಿಯ ಸಾಲಿನಲ್ಲಿ ಸಿಕ್ಕ ಸುಳಿವು

ಇಪ್ಪತ್ತರ ಆಸುಪಾಸಿನ ಯುವಕನೊಬ್ಬನಿಗೆ ಒಂದು ದಿನ ಪುಸ್ತಕ ಓದುವಾಗ ಸಾಲಿನ ನಡುವಿನ ಅಕ್ಷರಗಳು ಮಸುಕಾಗಿ ಕಾಣುತ್ತವೆ. ನೋವಿಲ್ಲ, ಕಣ್ಣು ಕೆಂಪಾಗಿಲ್ಲ, ಪೊರೆಯೂ ಬಂದಿಲ್ಲ. ಕೆಲವು ವಾರ ಅಥವಾ ತಿಂಗಳುಗಳಲ್ಲಿ ಇನ್ನೊಂದು ಕಣ್ಣಿಗೂ ಹಾಗೆಯೇ ಆಗುತ್ತದೆ. ಅಂಚಿನ ನೋಟ ಉಳಿದಿರುವುದರಿಂದ ಅವನು ಓಡಾಡಬಲ್ಲ. ಆದರೆ ಎದುರಿಗೆ ನಿಂತವರ ಮುಖ ಗುರುತಿಸಲಾರ. ಕನ್ನಡಕ ಬದಲಿಸಿದರೂ ಪ್ರಯೋಜನವಾಗುವುದಿಲ್ಲ. ವಿಚಾರಿಸಿದರೆ ಅವನ ಸೋದರಮಾವನಿಗೂ ಇದೇ ವಯಸ್ಸಿನಲ್ಲಿ ಹೀಗಾಗಿತ್ತು ಎಂದು ತಿಳಿಯುತ್ತದೆ. ಇದು 'ಲೆಬರ್ ಆನುವಂಶಿಕ ದೃಷ್ಟಿನರ ರೋಗ'ದ ಸಾಮಾನ್ಯ ಚಿತ್ರ.

ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಒಂದು ಮನೆಯಲ್ಲಿ ಹೀಗಾದರೆ "ಸಂಬಂಧದಲ್ಲೇ ಮದುವೆ ಮಾಡಿಕೊಂಡರಲ್ಲ, ಅದಕ್ಕೇ" ಎನ್ನುವವರು ಬೇಕಾದಷ್ಟು ಜನ. ಈ ಮಾತು ಎಷ್ಟರಮಟ್ಟಿಗೆ ಸರಿ? ಉತ್ತರಕ್ಕಾಗಿ ಒಂದೂವರೆ ಶತಮಾನದಷ್ಟು ಹಿಂದಕ್ಕೆ ಹೋಗಬೇಕು.

ಲೆಬರ್ ಕಂಡ ಕುಟುಂಬಗಳು

ಕಣ್ಣಿನ ಹಿಂಬದಿಯ ಅಕ್ಷಿಪಟದಲ್ಲಿ ಮೂಡಿದ ಸಂಕೇತಗಳನ್ನು ಮಿದುಳಿಗೆ ಒಯ್ಯುವುದು ದೃಷ್ಟಿನರ. ಹತ್ತು ಲಕ್ಷಕ್ಕೂ ಹೆಚ್ಚು ನರತಂತುಗಳು ಸೇರಿ ಆದ ಕಟ್ಟು ಇದು. ತಂತುಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದಲೇ ಪೊರೆ ತೆಗೆದು ದೃಷ್ಟಿ ಮರಳಿಸಿದಂತೆ ಇಲ್ಲಿ ಮರಳಿಸಲಾಗದು.

ಯುವಕರಲ್ಲಿ, ಅದರಲ್ಲೂ ಅಣ್ಣತಮ್ಮಂದಿರಲ್ಲಿ, ಹೀಗೆ ನೋಟ ಹೋಗುವುದನ್ನು 1858ರಲ್ಲಿ ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫೆ ವರದಿ ಮಾಡಿದ. 1871ರಲ್ಲಿ ಜರ್ಮನಿಯ ಮತ್ತೊಬ್ಬ ನೇತ್ರವೈದ್ಯ ಥಿಯೊಡೋರ್ ಲೆಬರ್ ನಾಲ್ಕು ಕುಟುಂಬಗಳ ವಿವರ ಕಲೆಹಾಕಿ, ಇದೊಂದು ಪ್ರತ್ಯೇಕ ಆನುವಂಶಿಕ ರೋಗವೆಂದು ತೋರಿಸಿದ. ಅಂದಿನಿಂದ ರೋಗಕ್ಕೆ ಅವನ ಹೆಸರೇ ನಿಂತಿತು.

ಆದರೆ ಅದು ವಂಶದಲ್ಲಿ ಹರಿಯುವ ಬಗೆ ಯಾರಿಗೂ ಅರ್ಥವಾಗಲಿಲ್ಲ. ರೋಗಿಗಳಲ್ಲಿ ಬಹುಪಾಲು ಗಂಡಸರು. ಆದ್ದರಿಂದ ವರ್ಣಾಂಧತೆಯಂತೆ ಇದೂ ಲಿಂಗವರ್ಣತಂತುವಿಗೆ ಅಂಟಿದ್ದಿರಬೇಕು ಎಂದು ಬಹಳ ಕಾಲ ಭಾವಿಸಲಾಗಿತ್ತು. ಲಂಡನ್ನಿನ ಜೂಲಿಯಾ ಬೆಲ್ 1931ರಲ್ಲಿ ನಾನಾ ದೇಶಗಳ ವಂಶವೃಕ್ಷಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದಾಗ ತೊಡಕು ಇನ್ನಷ್ಟು ಸ್ಪಷ್ಟವಾಯಿತು. ವರ್ಣಾಂಧತೆ ಅಜ್ಜನಿಂದ ಮಗಳ ಮೂಲಕ ಮೊಮ್ಮಗನಿಗೆ ಬರುತ್ತದೆ. ಲೆಬರ್ ರೋಗದಲ್ಲಿ ಹಾಗಾಗುವುದಿಲ್ಲ. ರೋಗಿಯಾದ ಗಂಡಸಿನಿಂದ ಅದು ಮಗನಿಗೂ ಹೋಗದು, ಮಗಳ ಮಕ್ಕಳಿಗೂ ಹೋಗದು. ಮುಂದುವರಿಯುವುದು ಅವನ ಅಕ್ಕತಂಗಿಯರ ಮೂಲಕ.

ಜಪಾನಿನಿಂದ ಬಂದ ಉತ್ತರ

1936ರಲ್ಲಿ ಜಪಾನಿನ ಇಮಾಯ್ ಮತ್ತು ಮೊರಿವಾಕಿ ಒಂದು ದಿಟ್ಟ ಊಹೆ ಮುಂದಿಟ್ಟರು. ದೋಷವಿರುವುದು ಕೋಶಕೇಂದ್ರದ ವರ್ಣತಂತುಗಳಲ್ಲಲ್ಲ. ಅದರ ಸುತ್ತಲಿನ ಕೋಶದ್ರವ್ಯದಲ್ಲಿ. ಮಗುವಿಗೆ ಕೋಶದ್ರವ್ಯ ದೊರೆಯುವುದು ತಾಯಿಯ ಅಂಡಾಣುವಿನಿಂದ; ಆದ್ದರಿಂದ ರೋಗ ತಾಯಿಯ ಸಾಲಿನಲ್ಲೇ ಇಳಿಯುತ್ತದೆ ಎಂಬುದು ಅವರ ವಾದ. ಈ ಲೇಖನ ಪ್ರಕಟವಾದದ್ದು 'ಜರ್ನಲ್ ಆಫ್ ಜೆನೆಟಿಕ್ಸ್' ಪತ್ರಿಕೆಯಲ್ಲಿ. ಜೆ. ಬಿ. ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದಾಗ ಆ ಪತ್ರಿಕೆಯನ್ನೂ ಜೊತೆಗೆ ತಂದರು. 1985ರಿಂದ ಅದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಪ್ರಕಟಿಸುತ್ತಿದೆ.

ಊಹೆ ನಿಜವೆಂದು ಸಾಬೀತಾಗಲು ಅರ್ಧ ಶತಮಾನ ಬೇಕಾಯಿತು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳಿಗೆ ತಮ್ಮದೇ ಡಿಎನ್‌ಎ ಇದೆಯೆಂದು 1960ರ ದಶಕದಲ್ಲಿ ತಿಳಿಯಿತು. ಮಾನವನಲ್ಲಿ ಅದು ತಾಯಿಯಿಂದಲೇ ಬರುತ್ತದೆಂದು 1980ರಲ್ಲಿ ಖಚಿತವಾಯಿತು. 1981ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಅದರ 16,569 ಬೇಸ್ ಜೋಡಿಗಳನ್ನೂ ಓದಿ ಮುಗಿಸಿದರು. 1988ರಲ್ಲಿ ಅಮೆರಿಕದ ಡಗ್ಲಸ್ ವ್ಯಾಲೇಸ್ ಮತ್ತು ಸಂಗಡಿಗರು ಲೆಬರ್ ರೋಗಿಗಳಲ್ಲಿ 11,778ನೆಯ ಸ್ಥಾನದ ಗ್ವಾನೀನ್ ಬದಲಾಗಿ ಅಡೆನೀನ್ ಆಗಿರುವುದನ್ನು ಪತ್ತೆಮಾಡಿದರು. ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ ಒಂದೇ ಅಕ್ಷರದ ಬದಲಾವಣೆ ಕಾಯಿಲೆ ತರುತ್ತದೆ ಎಂಬುದಕ್ಕೆ ಇದೇ ಮೊದಲ ಪುರಾವೆ. ಆ ಒಂದು ಅಕ್ಷರದಿಂದ ಶಕ್ತಿ ಉತ್ಪಾದನೆಯಲ್ಲಿ ಭಾಗವಹಿಸುವ ಪ್ರೋಟೀನೊಂದು ಕೆಡುತ್ತದೆ. ಹೆಚ್ಚು ಶಕ್ತಿ ಬೇಡುವ ದೃಷ್ಟಿನರದ ಕೋಶಗಳು ಮೊದಲು ಸೋಲುತ್ತವೆ. ಮುಂದೆ 3,460 ಮತ್ತು 14,484ನೆಯ ಸ್ಥಾನಗಳ ಬದಲಾವಣೆಗಳೂ ಸಿಕ್ಕಿದವು. ಯೂರೋಪಿನ ರೋಗಿಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಮಂದಿಯಲ್ಲಿ ಈ ಮೂರರಲ್ಲೊಂದು ಇರುತ್ತದೆ.

ದೋಷ ಪಡೆದವರೆಲ್ಲರೂ ದೃಷ್ಟಿ ಕಳೆದುಕೊಳ್ಳುವುದಿಲ್ಲ. ಗಂಡಸರಲ್ಲಿ ಸುಮಾರು ಅರ್ಧದಷ್ಟು, ಹೆಂಗಸರಲ್ಲಿ ಸುಮಾರು ಹತ್ತರಲ್ಲೊಬ್ಬರು ರೋಗಿಗಳಾಗುತ್ತಾರೆ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಧೂಮಪಾನ ಈ ಅಪಾಯವನ್ನು ಹೆಚ್ಚಿಸುತ್ತದೆ.

ಅಕ್ಕನ ಮಗಳು, ಅತ್ತೆಯ ಮಗಳು

ಈಗ ನಮ್ಮ ಊರುಗಳಿಗೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಬ್ರಿಟನ್ನಿನ ಅಲನ್ ಬಿಟಲ್ಸ್ ಮತ್ತು ಸಹೋದ್ಯೋಗಿಗಳು 1980ರಿಂದ 1989ರವರೆಗೆ ಬೆಂಗಳೂರು ಮತ್ತು ಮೈಸೂರುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮದುವೆಗಳ ವಿವರ ಸಂಗ್ರಹಿಸಿದರು. ಅವುಗಳಲ್ಲಿ ಸುಮಾರು ಶೇಕಡ 31 ರಕ್ತಸಂಬಂಧದ ಮದುವೆಗಳು. ಸೋದರಮಾವ ಮತ್ತು ಅಕ್ಕನ ಮಗಳ ಮದುವೆಗೆ ಅದರಲ್ಲಿ ದೊಡ್ಡ ಪಾಲಿತ್ತು.

ಇಂಥ ಮದುವೆಗಳಿರುವ ಕಡೆ ಲೆಬರ್ ರೋಗದ ವಂಶವೃಕ್ಷ ಓದುವವರು ಸುಲಭವಾಗಿ ದಾರಿ ತಪ್ಪಬಹುದು. ಗುಂಡ್ಲುಪೇಟೆ ಸೀಮೆಯ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ದೃಷ್ಟಿ ಕಳೆದುಕೊಂಡವನೊಬ್ಬ ತನ್ನ ಅಕ್ಕನ ಮಗಳನ್ನು ಮದುವೆಯಾಗುತ್ತಾನೆ. ಮುಂದೆ ಅವನ ಮಗನಿಗೂ ದೃಷ್ಟಿ ಹೋಗುತ್ತದೆ. ನೋಡಿದವರೆಲ್ಲ "ಅಪ್ಪನ ರೋಗ ಮಗನಿಗೆ ಬಂತು" ಎನ್ನುತ್ತಾರೆ. ನಿಜವೇನು? ಅವನಿಗೂ ಅವನ ಅಕ್ಕನಿಗೂ ಮೈಟೊಕಾಂಡ್ರಿಯ ಬಂದದ್ದು ಒಬ್ಬಳೇ ತಾಯಿಯಿಂದ. ಅಕ್ಕನಿಂದ ಅದು ಅವಳ ಮಗಳಿಗೆ ಇಳಿಯಿತು, ಆ ಮಗಳಿಂದ ಮಗುವಿಗೆ. ತಂದೆಯ ಪಾತ್ರ ಏನೂ ಇಲ್ಲ. ಆ ಹುಡುಗಿ ಪರಸ್ಥಳದ ಯಾರನ್ನು ವರಿಸಿದ್ದರೂ ಅವಳ ಮಕ್ಕಳಿಗೆ ಇದೇ ಅಪಾಯ ಇರುತ್ತಿತ್ತು.

ಅತ್ತೆಯ ಮಗಳ ವಿಷಯವೂ ಹೀಗೆಯೇ. ರೋಗಿಯಾದ ತಂದೆಯಿಂದ ಮಗನಿಗೆ ದೋಷ ಬಂದಿರುವುದಿಲ್ಲ. ಆದರೆ ಆ ಮಗ ತಂದೆಯ ತಂಗಿಯ ಮಗಳನ್ನು ತಂದುಕೊಂಡರೆ, ತಂದೆಯ ಸಾಲಿನ ಮೈಟೊಕಾಂಡ್ರಿಯ ಸೊಸೆಯ ಮೂಲಕ ಮನೆಗೆ ಮರಳುತ್ತದೆ. ಆಗ ತಾತನ ರೋಗ ಒಂದು ತಲೆಮಾರು ಬಿಟ್ಟು ಮೊಮ್ಮಗನಿಗೆ ಬಂದಂತೆ ಕಾಣುತ್ತದೆ. ರೋಗಿಯೊಬ್ಬ ಸೋದರಮಾವನ ಮಗಳನ್ನು ಮದುವೆಯಾದರೆ, ಆ ಮಾವನ ಹೆಂಡತಿ ಹೊರಗಿನವಳಾಗಿದ್ದ ಪಕ್ಷದಲ್ಲಿ, ಮಕ್ಕಳಿಗೆ ಅಪಾಯವಿಲ್ಲ. ಮೂರೂ ಸಂಬಂಧದ ಮದುವೆಗಳೇ. ಫಲ ಮಾತ್ರ ಬೇರೆ ಬೇರೆ. ಇಲ್ಲಿ ಕೇಳಬೇಕಾದ ಪ್ರಶ್ನೆ "ಸಂಬಂಧವೇ?" ಎಂಬುದಲ್ಲ, "ತಾಯಿಯ ತಾಯಿ ಯಾರು?" ಎಂಬುದು.

ಎಲ್ಲ ರೋಗಗಳೂ ಒಂದೇ ಅಲ್ಲ

ಹಾಗೆಂದು ರಕ್ತಸಂಬಂಧದ ಮದುವೆ ನಿರಪಾಯವೆಂದು ತೀರ್ಮಾನಿಸಬಾರದು. ದೃಷ್ಟಿನರದ ಆನುವಂಶಿಕ ರೋಗಗಳು ಹಲವಿವೆ. ಡೆನ್ಮಾರ್ಕಿನ ಪೌಲ್ ಕೈರ್ 1959ರಲ್ಲಿ ವಿವರಿಸಿದ ಬಗೆ ತಂದೆ ತಾಯಿ ಇಬ್ಬರಲ್ಲಿ ಯಾರಿಂದಲಾದರೂ ಬರಬಹುದು. ಅದಕ್ಕೆ ಕಾರಣವಾದ, ಮೂರನೆಯ ವರ್ಣತಂತುವಿನ ಓಪಿಎ1 ಜೀನ್ 2000ದಲ್ಲಿ ಸಿಕ್ಕಿತು. ಇನ್ನು ಕೆಲವು ಬಗೆಗಳು ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಪ್ರತಿ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಲೆಬರ್ ರೋಗದಂತೆಯೇ ತೋರುವ ಅಂಥದೊಂದು ಬಗೆಗೆ ಡಿಎನ್‌ಎಜೆಸಿ30 ಎಂಬ ಜೀನ್ ಕಾರಣವೆಂದು 2021ರಲ್ಲಿ ತಿಳಿದುಬಂತು. ಇಂಥವುಗಳಲ್ಲಿ ಸಂಬಂಧದ ಮದುವೆ ಅಪಾಯವನ್ನು ನಿಜಕ್ಕೂ ಹೆಚ್ಚಿಸುತ್ತದೆ. ಮದುರೈನ ಅರವಿಂದ್ ಸಂಸ್ಥೆಯ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭಾರತದ ರೋಗಿಗಳಲ್ಲಿ ಆ ಮೂರು ಪ್ರಸಿದ್ಧ ಬದಲಾವಣೆಗಳು ಕಾಣುವ ಪ್ರಮಾಣ ಬೇರೆಡೆಗಿಂತ ಕಡಿಮೆ. ಆದ್ದರಿಂದ ನಮ್ಮ ರೋಗಿಗಳಲ್ಲಿ ಆ ಮೂರನ್ನಷ್ಟೇ ಹುಡುಕಿದರೆ ಸಾಲದು.

ಮನೆಯವರು ಮಾಡಬಹುದಾದದ್ದು

2015ರಲ್ಲಿ ಯೂರೋಪು ಐಡೆಬೆನೋನ್ ಎಂಬ ಔಷಧಕ್ಕೆ ಅನುಮತಿ ನೀಡಿತು. ಅದು ಕೆಲವರಿಗೆ ಸ್ವಲ್ಪ ನೆರವಾಗುತ್ತದೆ. ಸರಿಯಾದ ಜೀನನ್ನು ಕಣ್ಣಿಗೆ ಸೇರಿಸುವ ಪ್ರಯೋಗಗಳೂ ನಡೆದಿವೆ. ಪೂರ್ಣ ಗುಣಪಡಿಸುವ ಚಿಕಿತ್ಸೆ ಇಲ್ಲ. ಹೀಗಾಗಿ ಎಚ್ಚರಿಕೆಯೇ ಮುಖ್ಯ. ದೋಷ ಹೊತ್ತವರು ಬೀಡಿ, ಸಿಗರೇಟು, ಅತಿಯಾದ ಮದ್ಯಪಾನದಿಂದ ದೂರವಿರಬೇಕು. ಕ್ಷಯರೋಗಕ್ಕೆ ಕೊಡುವ ಎಥಾಂಬ್ಯುಟಾಲ್ ದೃಷ್ಟಿನರಕ್ಕೆ ಹಾನಿ ಮಾಡಬಲ್ಲದು. ಚಿಕಿತ್ಸೆಗೆ ಮುನ್ನ ಕುಟುಂಬದ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ಕಾಸಿನ ಖರ್ಚಿಲ್ಲದ ಕೆಲಸವೊಂದಿದೆ. ಮನೆಯ ಹಿರಿಯರನ್ನು ಕೂರಿಸಿಕೊಂಡು ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ. ಯಾರು ಯಾರನ್ನು ಮದುವೆಯಾದರು, ಯಾರಿಗೆ ಯಾವ ವಯಸ್ಸಿನಲ್ಲಿ ನೋಟ ಹೋಯಿತು ಎಂಬುದನ್ನು ಗುರುತಿಸಿ, ಮೈಸೂರಿಗೋ ಬೆಂಗಳೂರಿಗೋ ಕಣ್ಣಿನ ತಜ್ಞರಲ್ಲಿಗೆ ಹೋಗುವಾಗ ಆ ಹಾಳೆಯನ್ನು ಜೊತೆಗೆ ಒಯ್ಯಿರಿ. ಸಾಮಾನ್ಯವಾಗಿ ನಮ್ಮ ವಂಶಾವಳಿಗಳಲ್ಲಿ ತಂದೆಯ ಕಡೆಯ ಹೆಸರುಗಳು ಮಾತ್ರ ಇರುತ್ತವೆ. ಇಲ್ಲಿ ಬೇಕಾದದ್ದು ಅಜ್ಜಿ, ಮುತ್ತಜ್ಜಿಯರ ಹೆಸರುಗಳು.

ತಾಯಿಯಿಂದ ಬಂತೆಂದರೆ ತಾಯಿಯ ತಪ್ಪೆಂದು ಅರ್ಥವಲ್ಲ. ಅವಳಿಗೂ ಅದು ಕೇಳದೆ ಬಂದದ್ದು. ಲೆಬರ್‌ನಿಂದ ವ್ಯಾಲೇಸ್‌ವರೆಗೆ 117 ವರ್ಷ ವಿಜ್ಞಾನಿಗಳು ಹುಡುಕಿದ್ದು ಕಾರಣವನ್ನು. ಮನೆಯವರೂ ಅದನ್ನೇ ಹುಡುಕಬೇಕು, ತಪ್ಪಿತಸ್ಥರನ್ನಲ್ಲ.