ಶಾಸ್ತ್ರದಾನ ಮತ್ತು ವಿಶ್ವವಿದ್ಯಾಲಯಗಳು

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನದ ಫಲವು ತಲೆಮಾರುಗಳವರೆಗೆ ನಿಲ್ಲುವಂಥದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಳಾದ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ನಾಡು ಇಂದಿಗೂ ಸ್ಮರಿಸುತ್ತಿದೆ. ಈಚಿನ ದಶಕಗಳಲ್ಲಿ ಜೈನ ಸಮಾಜದ ಧನವು ಪರದೇಶದ ವಿಶ್ವವಿದ್ಯಾಲಯಗಳಿಗೂ, ಅವುಗಳೊಡನೆ ನಮ್ಮ ವಿದ್ವಾಂಸರು ಕೂಡಿ ನಡೆಸುವ ಸಂಶೋಧನೆಗೂ ಸಲ್ಲುತ್ತಿದೆ. ಇದೂ ಶಾಸ್ತ್ರದಾನವೇ. ಇದರ ಧರ್ಮವೇನೆಂಬುದನ್ನು ಇತಿಹಾಸದಿಂದ ಅರಿಯಬಹುದು.

ಮುಂಬಯಿ ಸರ್ಕಾರದ ಪರವಾಗಿ ಹಸ್ತಪ್ರತಿಗಳನ್ನು ಸಂಗ್ರಹಿಸುತ್ತಿದ್ದ ಜಾರ್ಜ್ ಬ್ಯೂಲರ್ ಅವರು 1874ರಲ್ಲಿ ಜೈಸಲ್ಮೇರಿನ ಭಂಡಾರಕ್ಕೆ ಹೋದಾಗ ಜರ್ಮನಿಯ ತರುಣ ವಿದ್ವಾಂಸ ಹರ್ಮನ್ ಜಾಕೋಬಿ ಅವರ ಜೊತೆಗಿದ್ದರು. ಸಂಗ್ರಹದಲ್ಲಿ ಹೆಚ್ಚಾದ ಪ್ರತಿಗಳು ಬರ್ಲಿನ್ನಿನ ಗ್ರಂಥಾಲಯಕ್ಕೆ ಸೇರಿದವು. ಅಲ್ಬ್ರೆಕ್ಟ್ ವೇಬರ್ ಅವನ್ನು ಆಧರಿಸಿ ಆಗಮಗಳನ್ನು ಕುರಿತು ಬರೆದರು. 1879ರಲ್ಲಿ ಕಲ್ಪಸೂತ್ರವನ್ನು ಸಂಪಾದಿಸಿದ ಜಾಕೋಬಿಯವರು ಜೈನಧರ್ಮವು ಬೌದ್ಧಧರ್ಮದ ಶಾಖೆಯಲ್ಲ, ಸ್ವತಂತ್ರ ಧರ್ಮವೆಂದು ಪ್ರತಿಪಾದಿಸಿದರು. ಈ ಉಪಕಾರವನ್ನು ನಾವು ಮರೆಯುವಂತಿಲ್ಲ. ಆದರೆ ಅಂದಿನ ವ್ಯವಸ್ಥೆಯಲ್ಲಿ ಸಮಾನತೆ ಇರಲಿಲ್ಲ. ಗ್ರಂಥಗಳನ್ನು ಶತಮಾನಗಳ ಕಾಲ ಹುಳ, ತೇವಗಳಿಂದ ಕಾಪಾಡಿದ್ದು ನಮ್ಮ ಭಂಡಾರಗಳು. ಅವುಗಳ ಬಗೆಗಿನ ನಿರ್ಣಯಗಳಾದದ್ದು ಯುರೋಪಿನಲ್ಲಿ.

ಈ ರೀತಿ ಬದಲಾದುದಕ್ಕೆ ಬ್ರಿಟಿಷ್ ಲೈಬ್ರರಿಯ ಜೈನ ಹಸ್ತಪ್ರತಿಗಳ ಸೂಚಿಯು ಉತ್ತಮ ನಿದರ್ಶನ. ಸಾವಿರಕ್ಕೂ ಹೆಚ್ಚು ಪ್ರತಿಗಳನ್ನು ವಿವರಿಸುವ ಮೂರು ಸಂಪುಟಗಳ ಈ ಗ್ರಂಥ 2006ರಲ್ಲಿ ಪ್ರಕಟವಾಯಿತು. ಪ್ಯಾರಿಸಿನ ನಳಿನಿ ಬಲ್ಬೀರ್, ಗುಜರಾತಿನ ಕನ್ಹಯ್ಯಾಲಾಲ್ ಶೇಠ್ ಮತ್ತು ಕಲ್ಪನಾ ಶೇಠ್, ಬರ್ಲಿನ್ನಿನಲ್ಲಿ ಅಧ್ಯಾಪಕರಾಗಿದ್ದ ಚಂದ್ರಭಾಲ್ ತ್ರಿಪಾಠಿ, ಈ ನಾಲ್ವರ ಹೆಸರೂ ಮುಖಪುಟದಲ್ಲಿದೆ. ತ್ರಿಪಾಠಿಯವರು 1996ರಲ್ಲೇ ತೀರಿಕೊಂಡಿದ್ದರೂ ಅವರ ಶ್ರಮವನ್ನು ಉಳಿದವರು ಮರೆಯಲಿಲ್ಲ. ಲೈಬ್ರರಿಯೊಡನೆ ಜೈನರದೇ ಸಂಸ್ಥೆಯಾದ ಇನ್‌ಸ್ಟಿಟ್ಯೂಟ್ ಆಫ್ ಜೈನಾಲಜಿ ಸಹಪ್ರಕಾಶಕನಾಗಿ ನಿಂತಿತು.

2004ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಸೋಯಾಸ್ ಸಂಸ್ಥೆಯಲ್ಲಿ ಜೈನ ಅಧ್ಯಯನ ಕೇಂದ್ರವೂ, 2010ರಲ್ಲಿ ಅಮೆರಿಕದ ಫ್ಲೋರಿಡಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯದಲ್ಲಿ ಭಗವಾನ್ ಮಹಾವೀರರ ಹೆಸರಿನ ಅಧ್ಯಾಪಕ ಪೀಠವೂ ಸ್ಥಾಪನೆಯಾದವು. ಇಂತಹ ಕಾರ್ಯಗಳಿಗೆ ದಾನ ಮಾಡುವವರ ಎದುರು ಒಂದು ಕಠಿಣ ಪ್ರಶ್ನೆಯಿದೆ. ಸಂಶೋಧಕನು ಶಾಸನವೊಂದರ ಕಾಲವನ್ನು ನಮ್ಮ ನಂಬಿಕೆಗಿಂತ ಈಚಿನದೆಂದರೆ, ದಿಗಂಬರ–ಶ್ವೇತಾಂಬರ ವಿಷಯದಲ್ಲಿ ನಮಗೊಪ್ಪದ ಮಾತನ್ನಾಡಿದರೆ, ದಾನಿಯು ಏನು ಮಾಡಬೇಕು? ಉತ್ತರವನ್ನು ಮೊದಲೇ ನಿಗದಿಮಾಡಿ ಕೊಟ್ಟ ಹಣವು ದಾನವಲ್ಲ, ಕ್ರಯ. ಅನೇಕಾಂತವನ್ನು ಜಗತ್ತಿಗೆ ಸಾರುವ ನಾವು ಭಿನ್ನಾಭಿಪ್ರಾಯಕ್ಕೆ ಅಂಜಿದರೆ ಆ ತತ್ತ್ವಕ್ಕೆ ನಾವೇ ಅಪಚಾರವೆಸಗಿದಂತೆ. ಪ್ರಮಾಣಕ್ಕೆ ಪ್ರಮಾಣದಿಂದಲೇ ಉತ್ತರಿಸುವುದು ನಮ್ಮ ಆಚಾರ್ಯರ ಮಾರ್ಗ.

ಹಾಗೆಂದು ಯಾವ ವಿಚಾರಣೆಯೂ ಇಲ್ಲದೆ ಕೊಡುವುದೂ ವಿವೇಕವಲ್ಲ. ಛಾಯಾಪ್ರತಿ ತೆಗೆದರೆ ಅದರ ಒಂದು ಪ್ರತಿ ಮೂಲ ಭಂಡಾರಕ್ಕೆ ಮರಳಬೇಕು. ಲಿಪಿ ಓದಿಕೊಟ್ಟ ಸ್ಥಳೀಯ ಪಂಡಿತನ ಹೆಸರು ಗ್ರಂಥದಲ್ಲಿರಬೇಕು. ಫಲಿತಾಂಶ ನಮ್ಮ ಮಕ್ಕಳು ಓದುವ ಭಾಷೆಯಲ್ಲೂ ದೊರೆಯಬೇಕು. ಬಸದಿಗಳ ಆಡಳಿತ ಮಂಡಳಿಗಳು ಒಡಂಬಡಿಕೆಗೆ ಸಹಿ ಹಾಕುವ ಮುನ್ನ ಈ ಮೂರನ್ನು ಬರಹದಲ್ಲಿ ಕೇಳಲಿ. ಸಂಶೋಧಕನ ತೀರ್ಮಾನವನ್ನು ಮಾತ್ರ ಅವನ ವಿವೇಕಕ್ಕೆ ಬಿಡಲಿ. ಕೀರ್ತಿಯ ಅಪೇಕ್ಷೆ, ಫಲದ ಮೇಲಿನ ಹಿಡಿತ ಎರಡನ್ನೂ ಬಿಟ್ಟು ಕೊಡುವ ಶಾಸ್ತ್ರದಾನವೇ ಅಪರಿಗ್ರಹಕ್ಕೆ ಒಪ್ಪುವ ದಾನ.